ಕೊಡಗಿನಲ್ಲಿದ್ದುಕೊಂಡು ಕಥೆ ಬರೆಯುವುದು

ಕೊಡಗಿನಲ್ಲಿ ಕುಳಿತು ಕಥೆ ಬರೆಯುತ್ತೇನೆಂದು ಹೇಳಿದೊಡನೆ ಹೊರಗಿನ ಸ್ನೇಹಿತರಿಂದ ಬರುವ ಮಾತು ಬಹುಮಟ್ಟಿಗೆ ಒಂದೇ: ‘ನಿಮಗೇನು ಬಿಡಿ, ಕಿಟಕಿ ತೆಗೆದರೆ ಸ್ಫೂರ್ತಿ ತಾನಾಗಿ ಒಳಗೆ ಬರುತ್ತದೆ.’ ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಅಬ್ಬಿ ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುವವರಿಗೆ ಹಾಗೆ ಅನ್ನಿಸುವುದು ಸಹಜ. ಇಲ್ಲಿಯೇ ಹುಟ್ಟಿ ಬೆಳೆದು, ಹಗಲಿನಲ್ಲಿ ಸಹಕಾರ ಸಂಘವೊಂದರ ಲೆಕ್ಕ ಬರೆಯುತ್ತ, ರಾತ್ರಿ ಕಥೆ ಬರೆಯುವ ನನ್ನ ಮಟ್ಟಿಗೆ ಈ ಚೆಲುವು ಒದಗಿಬರುವುದಕ್ಕಿಂತ ಅಡ್ಡ ಬರುವುದೇ ಹೆಚ್ಚು. ಮಂಜು ಎಂದು ಬರೆದರೆ ಸಾಕು, ಓದುವವರ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುವ ಒಂದು ಚಿತ್ರ ಎದ್ದು ನಿಲ್ಲುತ್ತದೆ, ಮತ್ತು ಆ ಚಿತ್ರದಲ್ಲಿ ಮನುಷ್ಯರಿಗೆ ಹೆಚ್ಚು ಜಾಗವಿರುವುದಿಲ್ಲ.

ಕಾಫಿ ಹೂವನ್ನೇ ತೆಗೆದುಕೊಳ್ಳಿ. ಮಾರ್ಚ್ ತಿಂಗಳಲ್ಲಿ ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆ, ಬಿದ್ದು ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬೆಳ್ಳಗಾಗಿ, ಪರಿಮಳ ರಸ್ತೆಯವರೆಗೂ ಬರುತ್ತದೆ. ಆದರೆ ಅದೇ ಮಾರ್ಚ್ ನಮ್ಮ ಸಂಘದಲ್ಲಿ ಬೆಳೆಸಾಲ ಮರುಪಾವತಿಯ ತಿಂಗಳು. ಕೌಂಟರಿನ ಆಚೆ ನಿಂತ ಬೆಳೆಗಾರರು ಹೂವಿನ ಚೆಲುವಿನ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ‘ನಿಮ್ಮ ಕಡೆ ಎಷ್ಟು ಸೆಂಟ್ ಬಿತ್ತು?’ ಎಂದು ಇಂಚಿನ ನೂರನೇ ಒಂದು ಭಾಗವಾದ ಸೆಂಟಿನಲ್ಲಿ ಮಳೆಯ ಲೆಕ್ಕ ಕೇಳುತ್ತಾರೆ, ಬಿದ್ದ ಮಳೆ ಹೂವಿಗೆ ಸಾಲದೆ ಮೊಗ್ಗು ಕರಟಿತೇ ಎಂದು ಚಿಂತಿಸುತ್ತಾರೆ, ಹಿಂದಿನ ಮಳೆಯ ಬೆನ್ನಿಗೆ ಇನ್ನೊಂದು ಮಳೆ ಬಾರದಿದ್ದರೆ ಸ್ಪ್ರಿಂಕ್ಲರಿಗೆ ಕೆರೆಯಲ್ಲಿ ನೀರಿದೆಯೇ ಎಂದು ಲೆಕ್ಕ ಹಾಕುತ್ತಾರೆ. ನನ್ನ ಕಥೆಗಳು ಹುಟ್ಟುವುದು ಈ ಲೆಕ್ಕಾಚಾರದ ನಡುವೆ.

ಇಲ್ಲಿನ ಅನೇಕ ಹಳೆಯ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕವೊಂದಿರುತ್ತದೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರೆ. ಅಜ್ಜ ಬರೆದ ಪುಸ್ತಕವನ್ನು ಮೊಮ್ಮಗ ಮುಂದುವರಿಸಿದ ಮನೆಗಳೂ ಇವೆ. ಮಳೆ ಬಾರದ ದಿನಕ್ಕೂ ಅಲ್ಲಿ ಒಂದು ಸಾಲು ಇರುತ್ತದೆ, ಅದರಲ್ಲಿ ಸೊನ್ನೆ ಇರುತ್ತದೆ. ನನ್ನ ಟಿಪ್ಪಣಿ ಪುಸ್ತಕವನ್ನು ನಾನು ಇಟ್ಟುಕೊಂಡಿರುವುದು ಆ ಮಾದರಿಯಲ್ಲಿಯೇ: ದಿನಕ್ಕೆ ಒಂದು ಸಾಲು, ಆ ದಿನ ಕಿವಿಗೆ ಬಿದ್ದ ಮಾತು ಅಥವಾ ಕಣ್ಣಿಗೆ ಬಿದ್ದ ಕೆಲಸ, ಏನೂ ಇಲ್ಲದ ದಿನ ಬರಿಯ ತಾರೀಖು. ಸ್ಫೂರ್ತಿಗಾಗಿ ಕಾಯುವವರಿಗೆ ಇದು ತೀರ ಗುಮಾಸ್ತಿಕೆಯೆನಿಸಬಹುದು. (ನಾನು ಗುಮಾಸ್ತನೇ ಆಗಿರುವುದರಿಂದ ಆ ಆಕ್ಷೇಪ ನನ್ನನ್ನು ಅಷ್ಟಾಗಿ ತಟ್ಟುವುದಿಲ್ಲ.) ಗಂಡ ತೀರಿಕೊಂಡ ಮೇಲೆ ಮೊದಲ ಬಾರಿಗೆ ಸಾಲದ ಕಾಗದಕ್ಕೆ ಸಹಿ ಹಾಕಲು ಬಂದ ಹೆಂಗಸೊಬ್ಬರು, ತಮ್ಮ ಹೆಸರಿನ ಹಿಂದೆ ತವರಿನ ಮನೆಹೆಸರು ಬರೆಯಬೇಕೋ ಗಂಡನದೋ ಎಂದು ಪೆನ್ನು ಹಿಡಿದು ಯೋಚಿಸುತ್ತ ನಿಂತದ್ದನ್ನು ನಾನು ಒಂದೇ ಸಾಲಿನಲ್ಲಿ ಬರೆದಿಟ್ಟಿದ್ದೆ. ಬಹಳ ಕಾಲದ ನಂತರ ಅದು ಕಥೆಯಾಯಿತು.

ಕಥೆಯಾಗುವಾಗ ಆ ಹೆಂಗಸನ್ನು ಊರಿನವರು ಗುರುತಿಸದಂತೆ ಮಾಡುವುದೇ ದೊಡ್ಡ ಕೆಲಸವಾಯಿತು. ಬೆಂಗಳೂರಿನ ಲೇಖಕರಿಗೆ ಈ ತೊಡಕು ಇಷ್ಟಾಗಿ ಇರಲಾರದು. ನಮ್ಮಲ್ಲಿ ಮದುವೆ ಮನೆಯಲ್ಲೋ ಸಂತೆಯಲ್ಲೋ ಎಲ್ಲರೂ ಎಲ್ಲರಿಗೂ ಎದುರಾಗುತ್ತಾರೆ. ಹಾಗಾಗಿ ಊರನ್ನು ಸೋಮವಾರಪೇಟೆಯ ಕಡೆಯಿಂದ ವಿರಾಜಪೇಟೆಯ ಕಡೆಗೆ ಒಯ್ದೆ, ವಯಸ್ಸನ್ನು ಬದಲಿಸಿದೆ. ಊರು ಬದಲಾದರೆ ಮಾತೂ ಬದಲಾಗಬೇಕು, ಮತ್ತು ಕೊಡಗಿನ ಬರಹಗಾರರಿಗೆ ನಿಜವಾದ ಕಷ್ಟ ಹಾಗೂ ನಿಜವಾದ ಸಂಪತ್ತು ಎರಡೂ ಇರುವುದು ಇಲ್ಲಿಯೇ. ಒಂದೇ ತೋಟದಲ್ಲಿ ಮಾಲೀಕರ ಮನೆಯೊಳಗೆ ಕೊಡವ ತಕ್ಕ್ ಅಥವಾ ಅರೆಭಾಷೆ, ಕೆಲಸಗಾರರ ಲೈನ್‌ಮನೆಗಳಲ್ಲಿ ತಮಿಳು, ಮಲಯಾಳ, ತುಳು, ಬುಡಕಟ್ಟಿನವರ ಹಾಡಿಯಿಂದ ಕೆಲಸಕ್ಕೆ ಬರುವವರ ನಡುವೆ ಯರವ ಭಾಷೆ, ಇವರೆಲ್ಲರ ನಡುವಿನ ವ್ಯವಹಾರಕ್ಕೆ ಒಂದು ಬಗೆಯ ಕನ್ನಡ. ಇದನ್ನೆಲ್ಲ ಒಂದೇ ಪುಸ್ತಕದ ಕನ್ನಡದಲ್ಲಿ ಆಡಿಸಿದರೆ ಮೇಸ್ತ್ರಿಯೂ ಮಾಲೀಕರೂ ಒಂದೇ ಶಾಲೆಯ ಉಪಾಧ್ಯಾಯರಂತೆ ಕೇಳಿಸುತ್ತಾರೆ; ಪ್ರತಿ ಸಾಲಿನಲ್ಲಿಯೂ ಬೇರೆ ಭಾಷೆಯ ಶಬ್ದ ತುರುಕಿದರೆ ಅದು ಪ್ರದರ್ಶನವಾಗುತ್ತದೆ. ಯಾರು ಎಷ್ಟು ಮಾತಾಡುತ್ತಾರೆ, ಯಾರ ಮುಂದೆ ಯಾರು ಮಾತು ನುಂಗುತ್ತಾರೆ, ಯಾರು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವುದಿಲ್ಲ ಎಂಬುದನ್ನು ಹಿಡಿದರೆ ಶಬ್ದಗಳ ಹಂಗು ಅರ್ಧದಷ್ಟು ಕಡಿಮೆಯಾಗುತ್ತದೆಂಬುದು ನನ್ನ ಸದ್ಯದ ನಂಬಿಕೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಹೋಗುವುದು ಕೊಡಗಿನ ಗೌರಮ್ಮನವರ ಬಳಿಗೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಸುಂಟಿಕೊಪ್ಪದ ಬಳಿಯ ಕಾಫಿ ತೋಟದಲ್ಲಿ ಸಂಸಾರ ನಡೆಸಿ, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ. ಸುತ್ತಲೂ ಅಷ್ಟು ಹಸಿರಿದ್ದರೂ ಅವರ ಕಥೆಗಳ ಭಾರವೆಲ್ಲ ಇರುವುದು ವಿಧವೆಯರ, ಮದುವೆಯಾಗಬೇಕಾದ ಹುಡುಗಿಯರ, ಮಾತು ಆಡಲಾಗದ ಹೆಂಡತಿಯರ ಇಕ್ಕಟ್ಟಿನ ಮೇಲೆ. ಇನ್ನೊಬ್ಬರು ನಡಿಕೇರಿಯಂಡ ಚಿಣ್ಣಪ್ಪನವರು. ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಜನರ ಬಾಯಲ್ಲಿದ್ದ ಕೊಡವ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದವರು. ನೌಕರಿಯಿಂದಾಗಿ ಬರೆಯಲು ಪುರುಸೊತ್ತಿಲ್ಲವೆಂದು ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದು ಅವರ ಹೆಸರು.

ಕೆಲವು ಸಂಗತಿಗಳನ್ನು ಬರೆಯದೆ ತಡೆದಿಡುವುದನ್ನೂ ಕಲಿಯಬೇಕಾಗುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿಗಳ ಕಡೆ ಗುಡ್ಡಗಳು ಜಾರಿದ ಮೇಲೆ ಆ ದುರಂತದ ಕುರಿತು ಕವಿತೆ, ಕಥೆಗಳು ಬೇಗ ಬೇಗ ಬಂದವು. ನಾನು ಆಗ ಒಂದು ಪುಟವನ್ನೂ ಬರೆಯಲಿಲ್ಲ, ಮತ್ತು ಅದು ಸರಿಯೆಂದೇ ಇಂದಿಗೂ ಅನ್ನಿಸುತ್ತದೆ. ಗೋಳನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಗುಡ್ಡವೇ ಇಲ್ಲದ ಜಾಗಕ್ಕೆ ಪಹಣಿಯಲ್ಲಿ ಇನ್ನೂ ಕಾಫಿ ತೋಟವೆಂದೇ ಇದೆಯೆಂದು ಹಿರಿಯರೊಬ್ಬರು ನಗುತ್ತ ಹೇಳಿದ್ದು ಬಹಳ ತಡವಾಗಿ, ಪುನರ್ವಸತಿಯ ಸಾಲುಮನೆಗೆ ಬಂದು ಅವರು ಸ್ವಲ್ಪ ನೆಲೆಯಾದ ಮೇಲೆ. ಆ ನಗುವನ್ನು ಅವಸರದಲ್ಲಿ ಬರೆಯಲಾಗುತ್ತಿರಲಿಲ್ಲ.

ಈಗ ಕೈಯಲ್ಲಿರುವುದು ಅವರ ಕಥೆ. ಕರಡನ್ನು ಎಂದಿನಂತೆ ನಮ್ಮ ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಸಾಹಿತ್ಯ ಓದಿದವರಲ್ಲ. ಆದರೆ ಯಾವ ಮಾತನ್ನು ಯಾರೂ ಆಡುವುದಿಲ್ಲವೆಂಬುದು ಅವರಿಗೆ ತಕ್ಷಣ ತಿಳಿಯುತ್ತದೆ. ‘ಅಷ್ಟು ವಯಸ್ಸಾದವರು ನಗುವುದಕ್ಕೆ ಮೊದಲು ನಿನಗೆ ಕಾಫಿ ಕೊಟ್ಟಿರಬೇಕಲ್ಲ, ಅದನ್ನು ಯಾಕೆ ಬಿಟ್ಟೆ?’ ಎಂದು ಕೇಳಿದರು. ಎರಡನೆಯ ಪುಟವನ್ನು ಮತ್ತೆ ಬರೆಯುತ್ತಿದ್ದೇನೆ.