ಮೂಗು ಸೋತಿತ್ತು, ನಾನು ಹೊಸ ಜೀನ್ ಹುಡುಕಿಕೊಂಡು ಹೋದೆ

ಭತ್ತದ ಎಲೆ ಮೂಸುವುದು ನನ್ನ ಕೆಲಸ. ತಮಾಷೆ ಅಲ್ಲ. ಭತ್ತದ ತಳಿ ಅಭಿವೃದ್ಧಿಯ ಒಂದು ಲ್ಯಾಬಿಗೆ ಸಂಶೋಧನಾ ಸಹಾಯಕನಾಗಿ ಸೇರಿದಾಗ ಮೊದಲು ಕಲಿಸಿದ್ದೇ ಇದನ್ನು. ಎಲೆಯನ್ನು ಸಣ್ಣಗೆ ಕತ್ತರಿಸಿ ಪೆಟ್ರಿ ತಟ್ಟೆಗೆ ಹಾಕಬೇಕು. ಶೇಕಡಾ 1.7ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಸುರಿದು ಮುಚ್ಚಿಡಬೇಕು. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದು ಮೂಸಬೇಕು. ಘಮ ಇದ್ದರೆ ಪುಸ್ತಕದಲ್ಲಿ 1, ಇಲ್ಲದಿದ್ದರೆ 0.

ಬಾಸ್ಮತಿಯ ಘಮಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪೈರೋಲಿನ್ ಎಂಬ ವಸ್ತು. ಪಾಪ್‌ಕಾರ್ನ್ ಹುರಿದಾಗ ಬರುವ ಘಮದಲ್ಲೂ ಇದೇ ಇರುತ್ತದೆ. ಭತ್ತದ ಎಂಟನೇ ಕ್ರೋಮೋಸೋಮಿನಲ್ಲಿ ಬಿಎಡಿಎಚ್2 ಎಂಬ ಜೀನ್ ಇದೆ. ಅದು ಸರಿಯಾಗಿ ಕೆಲಸ ಮಾಡಿದರೆ ಘಮಕ್ಕೆ ಬೇಕಾದ ಕಚ್ಚಾವಸ್ತು ಬೇರೆ ದಾರಿಗೆ ಖರ್ಚಾಗಿ ಹೋಗುತ್ತದೆ. ಬಾಸ್ಮತಿಯಲ್ಲಿ ಈ ಜೀನಿನ ಎಂಟು ಡಿಎನ್‌ಎ ಅಕ್ಷರ ಕಳೆದುಹೋಗಿವೆ. ಅದು ತಯಾರಿಸಬೇಕಾದ ಕಿಣ್ವ ಅರ್ಧಕ್ಕೇ ನಿಂತುಹೋಗುತ್ತದೆ, ಕಚ್ಚಾವಸ್ತು ಉಳಿಯುತ್ತದೆ, ಅನ್ನ ಘಮಘಮ ಅನ್ನುತ್ತದೆ. ಕೆಟ್ಟುಹೋದ ಜೀನಿಗೆ ನಾವು ಜಾಸ್ತಿ ದುಡ್ಡು ಕೊಡುತ್ತೇವೆ, ನೋಡಿ. 2005ರಲ್ಲಿ ಈ ಎಂಟು ಅಕ್ಷರದ ಸಂಗತಿ ಗೊತ್ತಾಯಿತು. 2008ರಲ್ಲಿ, ಘಮ ಇರುವ ಭತ್ತಕ್ಕೆ ಸರಿಯಾದ ಬಿಎಡಿಎಚ್2 ಸೇರಿಸಿದಾಗ ಘಮ ಹೋಯಿತು ಎಂದು ತೋರಿಸಿದರು. ಅಲ್ಲಿಯವರೆಗೆ ಅದು ಶಂಕಿತ ಅಷ್ಟೇ, ಆಮೇಲೆ ಅಪರಾಧಿ.

ನಾವು ಘಮದ ಪೂಸಾ ಬಾಸ್ಮತಿ-1 ಮತ್ತು ಘಮ ಇಲ್ಲದ ಐಆರ್-64 ತಳಿಗಳನ್ನು ಕ್ರಾಸ್ ಮಾಡಿದ್ದೆವು. ಎರಡನೇ ತಲೆಮಾರಿನಲ್ಲಿ 192 ಗಿಡ. ಕೆಟ್ಟ ಜೀನ್ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಘಮ. ಅಂದರೆ ನಾಲ್ಕರಲ್ಲಿ ಒಂದು, ಸುಮಾರು 48 ಗಿಡ ಸಿಗಬೇಕು. ಎಲ್ಲ ಗಿಡದ ಡಿಎನ್‌ಎ ತೆಗೆದಿದ್ದೆವು. ಆದರೆ ಲ್ಯಾಬಿನ ಮುಖ್ಯಸ್ಥೆ ಮೇಡಂ ಅದನ್ನು ಫ್ರೀಜರಿನಲ್ಲೇ ಇಡಿಸಿದ್ದರು. ಯಾವ ಗಿಡದಲ್ಲಿ ಕೆಟ್ಟ ಜೀನ್ ಇದೆ ಎಂದು ಡಿಎನ್‌ಎಯಲ್ಲೇ ತೋರಿಸುವ ಪರೀಕ್ಷೆಗೆ ಮಾರ್ಕರ್ ಅನ್ನುತ್ತೇವೆ. "ಮಾರ್ಕರ್ ಫಲಿತಾಂಶ ಮೊದಲೇ ಗೊತ್ತಾದರೆ ನಿಮ್ಮ ಮೂಗು ಅದಕ್ಕೆ ತಾಳ ಹಾಕುತ್ತೆ" ಅಂತ.

ನನಗೆ ಸಿಕ್ಕಿದ್ದು 33.

48 ಬರಬೇಕಾದ ಕಡೆ 33. ಲೆಕ್ಕ ಹಾಕಿ ನೋಡಿದೆ. ಸುಮ್ನೆ ಅದೃಷ್ಟದ ಏರುಪೇರು ಅನ್ನುವ ಹಾಗಿರಲಿಲ್ಲ. ಆಗ ಪಠ್ಯಪುಸ್ತಕದ ಒಂದು ಸಂಖ್ಯೆ ನೆನಪಾಯಿತು, 13ಕ್ಕೆ 3. ಒಂದು ಜೀನನ್ನು ಇನ್ನೊಂದು ಅದುಮಿಟ್ಟರೆ ಬರುವ ಅನುಪಾತ. ಹದಿನಾರರಲ್ಲಿ ಮೂರಕ್ಕೆ ಮಾತ್ರ ಘಮ, 192ರಲ್ಲಿ ಅದು 36. ನನ್ನ 33ಕ್ಕೆ ಎಷ್ಟು ಹತ್ತಿರ! ಘಮವನ್ನು ಅದುಮುವ ಎರಡನೇ ಜೀನ್ ಒಂದಿದೆ ಅಂತ ಅವತ್ತು ರಾತ್ರಿ ನಿದ್ದೆಯೇ ಬರಲಿಲ್ಲ.

ಮುಂದಿನ ಮೂರು ವಾರ ಜೀನ್ ಬೇಟೆ. ಭತ್ತದ ಜೀನ್ ಪಟ್ಟಿ ತೆರೆದು ಕೂತರೆ ಬೇಕಾದ ಕಥೆ ಸಿಗುತ್ತದೆ, ಅದೇ ತೊಂದರೆ. ನಾಲ್ಕನೇ ಕ್ರೋಮೋಸೋಮಿನಲ್ಲಿ ಬಿಎಡಿಎಚ್1 ಇದೆ. ಹೆಸರಲ್ಲೇ ಸಂಬಂಧ, ಕೆಲಸವೂ ಅದೇ ಜಾತಿಯದು. ಒಂದು ಕೆಟ್ಟಿದ್ದರೂ ಇನ್ನೊಂದು ಅದರ ಕೆಲಸ ಮಾಡುತ್ತಿರಬಹುದಲ್ವಾ? ಹನ್ನೆರಡು ಸ್ಲೈಡ್ ಮಾಡಿಟ್ಟೆ. ಬಾಣದ ಗುರುತು, ಬಣ್ಣ, ಎಲ್ಲ ಇತ್ತು. ನನ್ನ ಕೈಯಲ್ಲಿದ್ದ ಪುರಾವೆ ಮಾತ್ರ 33 ಎಂಬ ಒಂದೇ ಸಂಖ್ಯೆ.

ನಮ್ಮ ಗದ್ದೆ ನೋಡಿಕೊಳ್ಳುವ ಅಣ್ಣ ಒಬ್ಬರಿದ್ದಾರೆ. ಎಲೆ ತಂದುಕೊಡುತ್ತಿದ್ದವರು ಅವರೇ. ನನ್ನ ಹೊಸ ಜೀನಿನ ಸಂಭ್ರಮ ಕೇಳಿ ಅವರು ಅಂದಿದ್ದು ಇಷ್ಟು: "ಒಂದೇ ಸಲ ಅಷ್ಟೊಂದು ತಟ್ಟೆ ಮೂಸ್ತೀರಲ್ಲ ಸರ್. ಅಡುಗೆ ಮನೇಲೇ ಇರೋರಿಗೆ ಒಗ್ಗರಣೆ ವಾಸ್ನೆ ಗೊತ್ತಾಗುತ್ತಾ? ಹೊರಗಿಂದ ಬಂದೋರಿಗೆ ತಾನೇ ಗೊತ್ತಾಗೋದು."

ಮೊದಲು ಸ್ವಲ್ಪ ಸಿಟ್ಟು ಬಂತು. ಆಮೇಲೆ ಪುಸ್ತಕ ತೆಗೆದೆ. ಒಂದು ಸಲಕ್ಕೆ 24 ತಟ್ಟೆಯಂತೆ ಎಂಟು ಸಲ ಕೂತಿದ್ದೆ. ಪ್ರತಿ ಸಲದ ಮೊದಲ ಹನ್ನೆರಡು ತಟ್ಟೆಗಳನ್ನು ಒಟ್ಟು ಮಾಡಿದರೆ 22 ಘಮದವು. ಕೊನೆಯ ಹನ್ನೆರಡರಲ್ಲಿ 11. ಗದ್ದೆಯಲ್ಲಿ ಗಿಡಗಳು ಹಾಗೆ ಸಾಲು ನೋಡಿ ಹಂಚಿಕೊಂಡು ನಿಂತಿರುವುದಿಲ್ಲ. ನನ್ನ ಎರಡನೇ ಜೀನ್ ಗಿಡದಲ್ಲಿ ಇರಲೇ ಇಲ್ಲ, ಅದು ನನ್ನ ಸೋತ ಮೂಗು.

ಗಿಡಗಳು ಇನ್ನೂ ಗದ್ದೆಯಲ್ಲಿದ್ದದ್ದು ಪುಣ್ಯ. ಮತ್ತೆ ಎಲೆ ಕೊಯ್ದೆವು. ಈ ಸಲ ಆರು ತಟ್ಟೆ ಆದಮೇಲೆ ಎದ್ದು ಹೊರಗೆ ಹೋಗಿ ಗಾಳಿ ಕುಡಿದು ಬರುವುದು. ಮೂಸುವವರು ಮೂವರು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದು. ನಡುನಡುವೆ ತಂದೆ ತಾಯಿ ತಳಿಗಳ ಎಲೆಯನ್ನು ಬೇರೆ ನಂಬರ್ ಹಾಕಿ ಸೇರಿಸಿದ್ದರು. ಬಾಸ್ಮತಿಗೇ 0 ಕೊಟ್ಟವರನ್ನು ಅವತ್ತಿಗೆ ಎಬ್ಬಿಸಿ ಕಳಿಸುವುದು. ನಾನು ಒಂದು ದಿನ ಎದ್ದು ಹೋದೆ, ಶೀತ ಆಗಿತ್ತು.

ಎರಡನೇ ಸುತ್ತಿನಲ್ಲಿ 44 ಸಿಕ್ಕವು. ಆಮೇಲೆ ಫ್ರೀಜರ್ ತೆರೆದು ಪಿಸಿಆರ್ ಮಾಡಿ (ಜೀನಿನ ಆ ತುಣುಕಿನ ಪ್ರತಿಗಳನ್ನು ಹೆಚ್ಚಿಸಿ) ಜೆಲ್ ಓಡಿಸಿದೆವು, ಅಂದರೆ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ನೋಡಿದೆವು. ಎಂಟು ಅಕ್ಷರ ಎರಡೂ ಕಡೆಯಿಂದ ಕಳೆದುಕೊಂಡ ಗಿಡ 46. ನಾವು ಹೆಸರಿಸಿದ 44ಕ್ಕೆ 44 ಅದರೊಳಗೇ ಇದ್ದವು.

ಕುರಿಯ ಬೂರೂಲಾ ಜೀನಿನ ಕಥೆ ನೆನಪಾಗಿ ಹೊಟ್ಟೆಕಿಚ್ಚಾಗುತ್ತದೆ. ಒಂದೇ ಸೂಲಿಗೆ ಎರಡು ಮೂರು ಮರಿ ಹಾಕಿಸುವ ಜೀನ್ ಅದು. ಆಸ್ಟ್ರೇಲಿಯಾದ ಆ ಕುರಿಗೆ ಅದು ಹೋದದ್ದು ನಮ್ಮ ಬಂಗಾಳದ ಗ್ಯಾರೋಲ್ ಕುರಿಯಿಂದ. 2001ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ಜೀನಿಗೆ ಬಂದು ನಿಂತವು. ಅಲ್ಲಿ ಎಣಿಸಬೇಕಾದದ್ದು ಅಂಡಾಣು ಮತ್ತು ಮರಿ. ಮರಿ ಎಣಿಸಿ ಎಣಿಸಿ ಯಾರ ಕಣ್ಣೂ ಮರಗಟ್ಟುವುದಿಲ್ಲ.

ಸ್ಲೈಡುಗಳನ್ನು ಅಳಿಸಿಲ್ಲ. ಹೊಸಬರು ಸೇರಿದಾಗ ಮೇಡಂ ಅದನ್ನೇ ಹಾಕಿ ತೋರಿಸುತ್ತಾರೆ, ನಾನು ಹಿಂದೆ ಕೂತು ಫೋನ್ ನೋಡುತ್ತಿರುತ್ತೇನೆ. ಈಗ ಮಲೆನಾಡಿನ ಗಂಧಸಾಲೆ, ಜೀರಿಗೆ ಸಾಲೆ ಮಾದರಿಗಳು ಬಂದಿವೆ. ಘಮ ಇರುವ ಎಲ್ಲ ಭತ್ತದಲ್ಲೂ ಇದೇ ಎಂಟು ಅಕ್ಷರ ಹೋಗಿರಬೇಕೆಂದಿಲ್ಲ. ಹಾಗಾಗಿ ಜೆಲ್‌ಗಿಂತ ಮೊದಲು ಮೂಗು, ಆರು ತಟ್ಟೆಗೊಂದು ವಿರಾಮ.

ಮೂವರ ಮೂಗಿಗೂ ಸಿಗದೆ ಹೋದ ಆ ಎರಡು ಗಿಡಗಳ ಬೀಜ ಬೇರೆ ಕವರಿನಲ್ಲಿದೆ. ಮುಂದಿನ ಬೆಳೆಗೆ ಒಂದೊಂದರಿಂದ ಇಪ್ಪತ್ತು ಸಸಿ ಮಾಡಿ ಮತ್ತೆ ಮೂಸಬೇಕು.