ಜರ್ಮನಿಯಲ್ಲಿ ಬಾಡಿಗೆ ಮನೆ: ಕೀಲಿಕೈ ಸಿಕ್ಕ ಮೇಲೆ ಮಾಡಬೇಕಾದ್ದು

ಜರ್ಮನಿಗೆ ಹೋದವರ ಮೊದಲ ತಿಂಗಳ ಕೆಲಸಗಳೆಲ್ಲ ವಿಳಾಸದ ಮೇಲೆ ನಿಂತಿವೆ. ವಿಳಾಸ ನೋಂದಣಿ ಆಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಎಷ್ಟೋ ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ, ವೀಸಾ ವಿಸ್ತರಣೆಯ ಅರ್ಜಿಯೂ ಮುಂದೆ ಹೋಗುವುದಿಲ್ಲ. ಹಾಗಾಗಿ ಮನೆ ಹುಡುಕುವಾಗಲೇ ಒಂದು ಪ್ರಶ್ನೆ ಕೇಳಿಬಿಡಿ: ಇಲ್ಲಿ ‘ಆನ್‌ಮೆಲ್ಡುಂಗ್’, ಅಂದರೆ ವಿಳಾಸ ನೋಂದಣಿ, ಮಾಡಿಸಬಹುದೇ? ಮಾಲೀಕರು ‘ಅದೆಲ್ಲ ಬೇಡ’ ಅಂದರೆ ಆ ಮನೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿರಲಿ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತವೆ. ‘ಕಾಲ್ಟ್‌ಮೀಟೆ’ ಬರೀ ಗೋಡೆಯೊಳಗಿನ ಜಾಗದ ಬಾಡಿಗೆ. ‘ವಾರ್ಮ್‌ಮೀಟೆ’ಯಲ್ಲಿ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸ ವಿಲೇವಾರಿ ಸೇರಿರುತ್ತವೆ. ಕರೆಂಟು, ಇಂಟರ್‌ನೆಟ್ ಹೆಚ್ಚಾಗಿ ಬೇರೆ. ಖಾಲಿ ಮನೆ ಅಂದರೆ ಪೂರ್ತಿ ಖಾಲಿ ಎನ್ನುವುದೂ ತಿಳಿದಿರಲಿ: ಅಡುಗೆಮನೆಯಲ್ಲಿ ಒಲೆ, ಸಿಂಕ್ ಇಲ್ಲದಿರಬಹುದು, ಬಲ್ಬ್ ಇರಬೇಕಾದ ಕಡೆ ಸೂರಿನಿಂದ ಎರಡು ಮೂರು ವೈರು ಇಳಿಬಿದ್ದಿರಬಹುದು. ‘ಐನ್‌ಬೌಕ್ಯೂಖೆ’ ಅಂತ ಬರೆದಿದ್ದರೆ ಅಡುಗೆಮನೆ ಜೋಡಿಸಿಯೇ ಕೊಡುತ್ತಾರೆ.

ಮುಂಗಡ 3 ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ. ಅದನ್ನು 3 ಸಮ ಕಂತುಗಳಲ್ಲಿ ಕಟ್ಟುವ ಹಕ್ಕನ್ನು ಕಾನೂನೇ ಕೊಟ್ಟಿದೆ. ‘ನಾನು ಬೇರೆ ದೇಶದಲ್ಲಿದ್ದೇನೆ, ಹಣ ಹಾಕಿ, ಕೀಲಿ ಅಂಚೆಯಲ್ಲಿ ಕಳಿಸುತ್ತೇನೆ’ ಎನ್ನುವ ಮಾಲೀಕರನ್ನು ನಂಬಲೇಬೇಡಿ. ಅದು ಮೋಸಗಾರರ ಹಳೆಯ ದಾರಿ.

ಕೀಲಿ ಪಡೆಯುವ ದಿನ ಹಸ್ತಾಂತರ ಪತ್ರ ಬರೆಸಿ. ಕರೆಂಟು, ನೀರು, ಹೀಟಿಂಗ್ ಮೀಟರುಗಳ ಅಂಕಿ, ನೆಲದ ಗೀರು, ಕಿಟಕಿ ಮೂಲೆಯ ಕಪ್ಪು ಕಲೆ, ಎಷ್ಟು ಕೀಲಿ ಕೊಟ್ಟರು, ಎಲ್ಲವೂ ಅದರಲ್ಲಿರಲಿ. ಫೋಟೋ ತೆಗೆದಿಡಿ. ಮನೆ ಬಿಡುವಾಗ ಮುಂಗಡ ಉಳಿಸಿಕೊಡುವುದು ಈ ಕಾಗದವೇ.

ಮನೆ ಹೊಕ್ಕ 2 ವಾರದೊಳಗೆ ನೋಂದಣಿ ಮಾಡಿಸಬೇಕು. ಪಾಸ್‌ಪೋರ್ಟ್, ತುಂಬಿದ ಫಾರಂ, ಜೊತೆಗೆ ಮಾಲೀಕರು ಸಹಿ ಹಾಕಿದ ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’, ಅಂದರೆ ನೀವು ಆ ಮನೆಗೆ ಬಂದಿದ್ದೀರಿ ಎನ್ನುವ ದೃಢೀಕರಣ ಪತ್ರ, ಬೇಕು. ಹೆಚ್ಚಿನವರು ಎಡವುವುದು ಇಲ್ಲೇ, ಬಾಡಿಗೆ ಕರಾರು ಪತ್ರ ಇದ್ದರೆ ಸಾಕು ಅಂದುಕೊಂಡು ಹೋಗಿ ವಾಪಸ್ ಬರುತ್ತಾರೆ. ದೊಡ್ಡ ಊರುಗಳಲ್ಲಿ ನೋಂದಣಿ ಕಚೇರಿಯ ಭೇಟಿಗೆ ಸಮಯ ಸಿಗುವುದು ಕಷ್ಟ, ಮನೆ ಗೊತ್ತಾದ ದಿನವೇ ಆನ್‌ಲೈನಿನಲ್ಲಿ ಕಾಯ್ದಿರಿಸಿ.

ಆಮೇಲಿನದು ಚಿಕ್ಕ ಕೆಲಸ, ಮರೆತರೆ ದೊಡ್ಡ ತಲೆನೋವು: ಅಂಚೆ ಪೆಟ್ಟಿಗೆಯ ಮೇಲೆ, ಕರೆಗಂಟೆಯ ಪಕ್ಕ ನಿಮ್ಮ ಹೆಸರು ಅಂಟಿಸಿ. ಅಂಚೆಯವರು ನೋಡುವುದು ಪೆಟ್ಟಿಗೆ ಮೇಲಿನ ಹೆಸರನ್ನು. ಅದಿಲ್ಲದಿದ್ದರೆ 11 ಅಂಕಿಯ ತೆರಿಗೆ ಸಂಖ್ಯೆಯ ಪತ್ರ, ಬ್ಯಾಂಕ್ ಕಾರ್ಡು, ವಿಮೆಯ ಕಾರ್ಡು ಎಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ. ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಬರೆಯಿರಿ. ಸಾರ್ವಜನಿಕ ಟಿವಿ, ರೇಡಿಯೋ ನಡೆಸಲು ಕಟ್ಟಬೇಕಾದ ಪ್ರಸಾರ ಶುಲ್ಕದ ಪತ್ರವೂ ಅದೇ ಪೆಟ್ಟಿಗೆಗೆ ಬರುತ್ತದೆ: ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ಅದು ತಲೆಗಲ್ಲ, ಮನೆಗೆ. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕ ಸಂಖ್ಯೆ ಬರೆದು ಉತ್ತರಿಸಿ, ಸುಮ್ಮನೆ ಪತ್ರ ಎಸೆಯಬೇಡಿ.

ಚಳಿಗಾಲದಲ್ಲಿ ಮನೆ ಕೆಡಿಸುವುದು ಬೂಷ್ಟು. ಸ್ನಾನ, ಅಡುಗೆ, ಒಳಗೆ ಒಣಗಹಾಕಿದ ಬಟ್ಟೆ, ನಮ್ಮ ಉಸಿರು, ಎಲ್ಲದರ ತೇವವೂ ಗಾಳಿಯಲ್ಲೇ ಉಳಿದು ತಣ್ಣನೆಯ ಹೊರಗೋಡೆಗೆ ತಾಕಿದಲ್ಲಿ ನೀರಾಗುತ್ತದೆ. ಕಿಟಕಿಯನ್ನು ಮೇಲ್ಭಾಗದಲ್ಲಿ ಓರೆಯಾಗಿ ತೆರೆದು ದಿನವಿಡೀ ಬಿಟ್ಟರೆ ತೇವ ಸರಿಯಾಗಿ ಹೋಗುವುದಿಲ್ಲ, ಕಿಟಕಿ ಸುತ್ತಲ ಗೋಡೆ ಮಾತ್ರ ಇನ್ನಷ್ಟು ತಣ್ಣಗಾಗಿ ಅಲ್ಲೇ ಕಪ್ಪು ಹಿಡಿಯುತ್ತದೆ. ದಿನಕ್ಕೆ 3 ಬಾರಿ, ಪ್ರತಿ ಸಲ 5ರಿಂದ 10 ನಿಮಿಷ, ಎದುರುಬದುರು ಕಿಟಕಿಗಳನ್ನು ಅಗಲವಾಗಿ ತೆರೆಯಿರಿ. ಆ ಹೊತ್ತು ಹೀಟರ್ ತಗ್ಗಿಸಿಡಿ. ಇದಕ್ಕೆ ‘ಸ್ಟೋಸ್‌ಲ್ಯೂಫ್ಟನ್’ ಅನ್ನುತ್ತಾರೆ, ಎಷ್ಟೋ ಕರಾರುಗಳಲ್ಲೇ ಬರೆದಿರುತ್ತಾರೆ. ಬೀರುವನ್ನು ಹೊರಗೋಡೆಗೆ ಒತ್ತಿಡದೆ 5ರಿಂದ 10 ಸೆಂಟಿಮೀಟರ್ ಬಿಡಿ. ತೇವ ತೋರಿಸುವ ಸಣ್ಣ ಮಾಪಕ ಇಟ್ಟು, 60 ಪ್ರತಿಶತ ದಾಟಿದರೆ ಕಿಟಕಿ ತೆರೆಯಿರಿ. ಖಂಡಿತ ಕೊಳ್ಳಬೇಕಾದ ವಸ್ತು ಅದು.

ಬಾಗಿಲಿನ ವಿಷಯದಲ್ಲಿ ಒಂದು ಎಚ್ಚರ. ಹೊರಗಡೆ ತಿರುಗದ ಗುಂಡಿ ಮಾತ್ರ ಇರುತ್ತದೆ, ಎಳೆದುಕೊಂಡರೆ ಕೀಲಿಯಿಲ್ಲದೆ ತೆರೆಯದು. ಕಸ ಹಾಕಲು ಇಳಿದರೂ ಕೀಲಿ ಜೇಬಿನಲ್ಲಿರಲಿ, ಒಂದು ಜೊತೆಯನ್ನು ನಂಬುವವರ ಬಳಿ ಇಡಿ. ಬೀಗ ತೆಗೆಯುವವರನ್ನು ಕರೆಸಲೇಬೇಕಾದರೆ ಒಟ್ಟು ಎಷ್ಟಾಗುತ್ತದೆಂದು ಫೋನಿನಲ್ಲೇ ಕೇಳಿ ಒಪ್ಪಿಸಿಕೊಳ್ಳಿ. ರಾತ್ರಿ, ಭಾನುವಾರ ದರ ವಿಪರೀತ ಏರುತ್ತದೆ.

ಮನೆ ಬಿಡಲು ಸಾಮಾನ್ಯ ಕರಾರಿನಲ್ಲಿ 3 ತಿಂಗಳ ನೋಟಿಸು. ಇಮೇಲ್, ವಾಟ್ಸಾಪ್ ನಡೆಯುವುದಿಲ್ಲ. ಕೈಯಿಂದ ಸಹಿ ಹಾಕಿದ ಕಾಗದವೇ ಬೇಕು, ಅದು ತಿಂಗಳ 3ನೇ ಕೆಲಸದ ದಿನದೊಳಗೆ ಮಾಲೀಕರ ಕೈಸೇರಿರಬೇಕು. ಏಪ್ರಿಲ್ ಕೊನೆಗೆ ಬಿಡುವುದಾದರೆ ಫೆಬ್ರುವರಿಯ 3ನೇ ಕೆಲಸದ ದಿನವೇ ಗಡುವು. ಒಂದು ದಿನ ತಡವಾದರೂ ಮೇ ತಿಂಗಳ ಬಾಡಿಗೆ ನಿಮ್ಮ ಲೆಕ್ಕಕ್ಕೇ.