ಏಳು ಕೆಜಿಯ ಚೀಲ

ನ್ಯಾಪ್‌ಸ್ಯಾಕ್ ಲೆಕ್ಕ, ಅಂದರೆ ತೂಕದ ಮಿತಿ ಮೀರದೆ ಅತಿ ಹೆಚ್ಚು ಅಂಕ ಬರುವಂತೆ ಚೀಲಕ್ಕೆ ವಸ್ತುಗಳನ್ನು ಇಡಿಯಾಗಿ ಆರಿಸುವ ಲೆಕ್ಕ, ನಿನ್ನೆ ರಾತ್ರಿ ಕೊನೆಗೂ ತಲೆಗೆ ಹತ್ತಿತು. ಲ್ಯಾಪ್‌ಟಾಪ್ ಮುಚ್ಚಿ, ಹಾಳೆಯ ಮೇಲೆ ಟೇಬಲ್‌ನ ಮನೆಗಳನ್ನು ಗೀಚಿದ ಮೇಲೆ.

ಚೀಲಕ್ಕೆ 7 ಕೆಜಿ ಮಿತಿ. ಅಕ್ಕಿ 5 ಕೆಜಿ, 11 ಅಂಕ. ಬೆಲ್ಲ 4 ಕೆಜಿ, 8 ಅಂಕ. ಬೇಳೆ 3 ಕೆಜಿ, 6 ಅಂಕ. ಕೆಜಿಗೆ ಜಾಸ್ತಿ ಅಂಕ ಅಕ್ಕಿಗೇ ಅಲ್ವಾ ಅಂತ ಅದನ್ನೇ ಮೊದಲು ತುಂಬಿದರೆ 11ಕ್ಕೆ ನಿಲ್ಲುತ್ತದೆ. ಅಕ್ಕಿ ಬಿಟ್ಟರೆ 14!

ಟೇಬಲ್‌ನಲ್ಲಿ ವಸ್ತುವಿಗೊಂದು ಸಾಲು, 1ರಿಂದ 7 ಕೆಜಿವರೆಗೆ ತೂಕಕ್ಕೊಂದು ಕಾಲಮ್. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಇದನ್ನು ಇಡಲಾ, ಬಿಡಲಾ? ಇಟ್ಟರೆ, ಉಳಿದ ತೂಕಕ್ಕೆ ಉತ್ತರ ಮೇಲಿನ ಸಾಲಿನಲ್ಲಿ ಆಗಲೇ ಇರುತ್ತದೆ. ವಸ್ತು 20 ಇದ್ದರೆ ಹತ್ತು ಲಕ್ಷಕ್ಕೂ ಜಾಸ್ತಿ ಜೋಡಣೆಗಳು. ಟೇಬಲ್‌ನಲ್ಲಿ ಬರೀ 140 ಮನೆ. ಸಣ್ಣ ಲೆಕ್ಕಗಳ ಉತ್ತರ ಬರೆದಿಟ್ಟು ದೊಡ್ಡ ಲೆಕ್ಕಕ್ಕೆ ಬಳಸುವ ಈ ದಾರಿಯೇ ಗಣಿತಜ್ಞ ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ತೋರಿಸಿದ ಡೈನಾಮಿಕ್ ಪ್ರೋಗ್ರಾಮಿಂಗ್. ಎಷ್ಟು ಚೆಂದ!

ಊರಿಂದ ಹೊರಡುವಾಗ ಅಮ್ಮ ಚೀಲ ತುಂಬುತ್ತಿದ್ದದ್ದು ನೆನಪಾಯಿತು. ಒಂದು ತೆಗೆದು, ಎರಡು ಇಟ್ಟು, ಮತ್ತೆ ಎತ್ತಿ ನೋಡುತ್ತಿದ್ದಳು.